ನಮ್ಮ ಅಂಕ ನಾವೇ ಬಡಿಸಿಕೊಂಡ ವರ್ಷ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ದೊಡ್ಡಮ್ಮ ಮಾಡಿದ್ದು ಬೇಳೆ ಹೋಳಿಗೆ ಎಂದು ನನಗೆ ನೆನಪು. ಅಮ್ಮ ಕಾಯಿ ಹೋಳಿಗೆ ಎನ್ನುತ್ತಾಳೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಆ ದಿನದ ಪುಟದಲ್ಲಿ "ಊಟ ಚೆನ್ನಾಗಿತ್ತು, ಮನಸ್ಸು ಸರಿಯಿಲ್ಲ" ಎಂದಷ್ಟೇ ಇದೆ. ಯಾವ ಹೋಳಿಗೆ ಎಂದು ಬರೆಯದೆ ಮನಸ್ಸಿನ ಬಗ್ಗೆ ಬರೆದಿಡುವುದು ಎಂಥ ದಿನಚರಿ ಎಂದು ಈಗ ನನ್ನ ಮೇಲೆ ನನಗೇ ಬೇಸರ. ಮೇಷ್ಟರ ಮಾತುಗಳನ್ನೂ ಸ್ವಲ್ಪ ತಿದ್ದಿರಬಹುದು. ಅವರು ಮಂಗಳೂರಿನ ಕಡೆಯವರು, ಅವರ ಕನ್ನಡ ನನ್ನ ಕಿವಿಗೆ ಬಿದ್ದಷ್ಟು ಇಲ್ಲಿದೆ. ಉಳಿದದ್ದು, ಅಂದರೆ ಒಂದಿಡೀ ತರಗತಿ ವಿನಯದಿಂದ ಫೇಲಾದದ್ದು, ನಿಜವಾಗಿಯೂ ನಡೆಯಿತು.

ನಾನು ಒಂದು ಇನ್ಶೂರೆನ್ಸ್ ಆಫೀಸಿನ ಕೆಲಸ ಬಿಟ್ಟು ಜಯನಗರದ ಒಂದು ಕಾಲೇಜಿನಲ್ಲಿ ಎಂ.ಎ. ಇಂಗ್ಲಿಷಿಗೆ ಸೇರಿದ್ದೆ. ಅಪ್ಪನಿಗೆ ಇದು ಅರ್ಥವಾಗಲಿಲ್ಲ. "ಇರೋ ಕೆಲಸ ಬಿಟ್ಟು ಕಥೆ ಓದೋಕೆ ಹೋಗ್ತಾಳಂತೆ" ಎಂದು ಹೊಸಕೆರೆಹಳ್ಳಿಯ ನಮ್ಮ ಮನೆಗೆ ಬಂದುಹೋದವರಿಗೆಲ್ಲ ಹೇಳುತ್ತಿದ್ದರು. ಆಗ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಹನುಮಂತನಗರದಿಂದ ಆಟೋ ಮಾಡಿಕೊಂಡು ಬಂದಳು. ಕಾಫಿ ಬೇಡ ಬೇಡ ಎನ್ನುತ್ತಲೇ ಎರಡು ಲೋಟ ಕುಡಿದು, ಅಪ್ಪನಿಗೆ ಹೇಳಿದಳು:

"ಓದ್ಲಿ ಬಿಡಿ. ಬಾಯಿಬಿಟ್ಟು ಕೇಳ್ತಾ ಇದಾಳಲ್ಲ, ಅಷ್ಟು ಸಾಲ್ದಾ?"

ಅಪ್ಪ ಫ್ಯಾನು ನೋಡಿದರು. "ಸರಿ. ಒಂದೇ ಸಲ. ಎಲ್ಲಾದ್ರೂ ಒಂದು ವರ್ಷ ನಿಂತೋಯ್ತು ಅಂದ್ರೆ ಸೀದಾ ವಾಪಸ್ ಕೆಲಸಕ್ಕೆ."

ದೊಡ್ಡಮ್ಮ ಸ್ವತಃ ಕಾಲೇಜು ಓದಿದವಳಲ್ಲ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದಳಂತೆ, ತಾತ ಬಿ.ಎ.ಗೆ ಸೇರಿಸುತ್ತೇನೆ ಎಂದಾಗ ಅವಳೇ ಬೇಡ ಎಂದಳಂತೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ಯಾವಾಗಲೂ ಎರಡೇ ವಾಕ್ಯದಲ್ಲಿ ಹೇಳುತ್ತಾರೆ: "ಅವಳಿಗೆ ಇಷ್ಟ ಇರ್ಲಿಲ್ಲ. ಅವಳೇ ಬೇಡ ಅಂದ್ಲು." ಎರಡು ವಾಕ್ಯದ ಕಥೆಯನ್ನು ಯಾರೂ ಅನುಮಾನಿಸುವುದಿಲ್ಲ. ನಾನೂ ಅನುಮಾನಿಸಿರಲಿಲ್ಲ.

ಕಾಲೇಜಿನಲ್ಲಿ ಆ ವರ್ಷ ಸ್ವಯಂ ಕಲಿಕೆ ಎಂಬ ಹೊಸ ಪೇಪರು ಬಂದಿತ್ತು. ಇಂಗ್ಲಿಷ್ ಓದುವ ವಿದ್ಯಾರ್ಥಿಗಳು ಮೇಷ್ಟರನ್ನು ನೆಚ್ಚಿಕೊಳ್ಳದೆ ತಾವೇ ಕಲಿತರೆ ಹೆಚ್ಚು ಯಶಸ್ವಿಯಾಗುತ್ತಾರೆ ಎಂದು ಮೇಲಿನವರಿಗೆ ಯಾರೋ ಹೇಳಿದ್ದರಂತೆ. ಹಾಗೆಂದು ನಮಗೆ ತಿಳಿಸಲು ಒಬ್ಬ ಮೇಷ್ಟರನ್ನು ನೇಮಿಸಿದ್ದರು. ನನಗಿಂತ ಹೆಚ್ಚೇನೂ ವಯಸ್ಸಾಗಿರದ, ಇಸ್ತ್ರಿ ಮಾಡಿದ ಅಂಗಿಯ, ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವ ಮನುಷ್ಯ.

"ಇದು ನಿಮ್ಮ ಪೇಪರ್" ಎಂದರು ಮೊದಲ ದಿನ. "ನಾನು ಕಲಿಸ್ಲಿಕ್ಕಿಲ್ಲ. ಎಂತ ಕಲೀಬೇಕು ಅಂತ ನೀವೇ ತೀರ್ಮಾನ ಮಾಡುವುದು, ನೀವೇ ಕಲಿಯುವುದು, ಕೊನೆಗೆ ಇಪ್ಪತ್ತಕ್ಕೆ ಎಷ್ಟು ಅಂತ ನೀವೇ ಅಂಕ ಹಾಕಿಕೊಳ್ಳುವುದು. ಎಂಟಾದರೂ ಇದ್ದರೆ ಪರೀಕ್ಷೆಗೆ ಕೂತ್ಕೊಳ್ಬಹುದು. ಇಲ್ಲದಿದ್ದರೆ ಮುಂದಿನ ವರ್ಷ."

ಹೀಗೆ ಹೇಳಿ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತರು. ನಾವು ಪೆನ್ನು ತೆರೆದು ಕಾದೆವು. ಅವರೂ ಕಾದರು. ಕಾಲು ಗಂಟೆ ಕಳೆದ ಮೇಲೆ ನಮ್ಮ ತರಗತಿಯ ಹಿರಿಯರೊಬ್ಬರು ಎದ್ದು ನಿಂತರು. ಬ್ಯಾಂಕಿನಿಂದ ನಿವೃತ್ತರಾದವರು, ಜಯನಗರದಲ್ಲೇ ಹುಟ್ಟಿ ಬೆಳೆದವರು. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು.

"ಸಾರ್, ಏನು ತೀರ್ಮಾನ ಮಾಡ್ಬೇಕು ಅಂತ ಸ್ವಲ್ಪ ಹೇಳ್ಬಿಟ್ರೆ, ತೀರ್ಮಾನ ಮಾಡ್ಬಿಡ್ತೀವಿ."

"ನಾನು ಹೇಳಿದರೆ ಅದು ನನ್ನ ತೀರ್ಮಾನ ಆಗ್ತದಲ್ವಾ?"

"ಒಂದು ಹಿಂಟು ಸಾರ್."

"ಇಲ್ಲ."

"ಸರಿ ಸಾರ್" ಎಂದು ಅಂಕಲ್ ಕುಳಿತು, ಪುಸ್ತಕದಲ್ಲಿ ದಿನಾಂಕ ಹಾಕಿ ಅಡಿಗೆರೆ ಎಳೆದರು.

ನಮ್ಮಲ್ಲಿ ತಕ್ಷಣ ತೀರ್ಮಾನ ಮಾಡಿದವಳು ಒಬ್ಬಳೇ. ವಿಜಯಪುರದ ಕಡೆಯ ಹುಡುಗಿ, ಬಿಟಿಎಂನಲ್ಲಿ ರೂಮು, ಸಂಜೆ ಹೊತ್ತು ಒಂದು ಕಂಪನಿಯ ಗ್ರಾಹಕರ ಫೋನು ಎತ್ತುವ ಕೆಲಸ. ನನ್ನ ಪಕ್ಕದಲ್ಲಿ ಕೂರುತ್ತಿದ್ದಳು, ಬೇಗ ಗೆಳತಿಯಾದಳು.

"ನಂದು ಆತ್ರಿ ಸರ" ಎಂದಳು. "ಇಂಗ್ಲಿಷ್‌ನ್ಯಾಗ ಜಗಳಾಡೂದು ಕಲೀತೇನಿ. ದಿನಾ ಫೋನ್‌ನ್ಯಾಗ ಬೈಸ್ಕೋತೇನಿ. ಒಂದ್ ಸಲಾನರೆ ಗ್ರಾಮರ್ ತಪ್ಪದಂಗ ತಿರುಗಿ ಹೇಳಬೇಕ್ರಿ."

ಮೇಷ್ಟರು ಗಂಭೀರವಾಗಿ ಬರೆದುಕೊಂಡರು. ಅಂಕಲ್ ಎರಡು ವಾರ ಯೋಚಿಸಿ, ತಮ್ಮ ರಸ್ತೆಯ ಚರಂಡಿಯ ಬಗ್ಗೆ ದಯವಿಟ್ಟು ಎಂಬ ಪದವೇ ಇಲ್ಲದ ಒಂದು ದೂರನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿಯುತ್ತೇನೆಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದಯವಿಟ್ಟು ಎಂದು ಬರೆದು ಕೈಗೆ ಅದೇ ಕೂತುಬಿಟ್ಟಿದೆಯಂತೆ.

ಸ್ವಯಂ ಕಲಿಕೆಗೆ ಹಾಜರಾತಿ ಕಡ್ಡಾಯವಾಗಿತ್ತು. ಲೈಬ್ರರಿಯಲ್ಲಿ ಕುಳಿತು ತಾವಾಗಿಯೇ ಓದುತ್ತಿದ್ದ ಇಬ್ಬರಿಗೆ ಗೈರುಹಾಜರಿ ಬಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಸ್ವಯಂ ಕಲಿಕೆಯ ನೋಟ್ಸ್ ಕೂಡ ಬಂತು. ಬೇರೆ ಯಾವುದೋ ಕಾಲೇಜಿನಲ್ಲಿ ಯಾರೋ ಸ್ವತಂತ್ರವಾಗಿ ಕಲಿತದ್ದು. ಮೊದಲ ಪುಟದಲ್ಲಿ "ನಾನು ಈ ವಿಷಯವನ್ನು ನನ್ನ ಸ್ವಂತ ಆಸಕ್ತಿಯಿಂದ ಆರಿಸಿಕೊಂಡೆ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿ, ಹೆಸರಿಗೆ ಜಾಗ ಖಾಲಿ ಬಿಟ್ಟಿತ್ತು.

"ಸ್ಪೈರಲ್ ಹಾಕ್ಲಾ ಮೇಡಂ?" ಎಂದು ಅಂಗಡಿಯವನು ಕೇಳಿದ. "ಎಲ್ರೂ ಹಾಕಿಸ್ಕೊಂಡ್ ಹೋದ್ರು."

ನಾನೂ ಒಂದು ತೆಗೆದುಕೊಂಡೆ. ಓದಲಿಲ್ಲ ಎಂದು ನೆನಪು. ನೆನಪು ನನ್ನ ಪರವಾಗಿಯೇ ಮಾತಾಡುತ್ತಿರಬಹುದು.

ನಾನು ಆರಿಸಿಕೊಂಡದ್ದು ಇಷ್ಟು: ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಯಾರ ವಿಮರ್ಶೆಯನ್ನೂ ನೋಡದೆ, ಫೋನಿನಲ್ಲಿ ಸಾರಾಂಶ ಹುಡುಕದೆ ಮೊದಲಿಂದ ಕೊನೆಯವರೆಗೆ ಓದಿ, ಅದರ ಬಗ್ಗೆ ನನ್ನದೇ ಆದ ಒಂದು ಅಭಿಪ್ರಾಯವನ್ನು ಕಂಡುಹಿಡಿಯುವುದು. ಬಿ.ಎ.ಯಲ್ಲಿ ನಾನು ಎಲ್ಲವನ್ನೂ ಗೈಡಿನಿಂದ ಓದಿದವಳು. ನನಗೆ ಬಹಳ ಅಭಿಪ್ರಾಯಗಳಿದ್ದವು, ಎಲ್ಲವೂ ಪಾಯಿಂಟಿನ ರೂಪದಲ್ಲಿ.

ಸಂಜೆ ಮನೆ ಹತ್ತಿರದ ಪಾರ್ಕಿನಲ್ಲಿ ಕುಳಿತು ಓದುತ್ತಿದ್ದೆ. ಯಾವುದಾದರೂ ವಿಚಾರ ಹೊಳೆದ ಕೂಡಲೇ ಇದು ನನ್ನದಾ, ಎಲ್ಲಿಯೋ ಓದಿದ್ದಾ ಎಂಬ ಅನುಮಾನ. ಪುಸ್ತಕ ಮುಗಿಯುತ್ತ ಬಂದಿದ್ದ ಒಂದು ಸಂಜೆ, ವಾಕಿಂಗ್ ಬಂದ ಇಬ್ಬರು ಆಂಟಿಯರು ನನ್ನ ಪಕ್ಕ ಕುಳಿತು "ತಿಂಡಿ ಆಯ್ತಾ? ಏನ್ ಮಾಡಿದ್ರಿ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡಾಗ, ನನಗೆ ಹೊಳೆಯಿತು: ಈ ಕಾದಂಬರಿಯಲ್ಲಿ ಯಾರೂ ಯಾರಿಗೂ ಊಟ ಆಯ್ತಾ ಎಂದು ಕೇಳುವುದಿಲ್ಲ. ನಾಯಕಿ ಮಳೆಯಲ್ಲಿ ನೆನೆದುಕೊಂಡು ಅಕ್ಕಪಕ್ಕದ ಮನೆಗೆ ಹೋಗುತ್ತಾಳೆ, ಒಳಗಿರುವವರು ಹವಾಮಾನದ ಬಗ್ಗೆ ಮಾತಾಡುತ್ತಾರೆ. ಯಾರೂ ಕೇಳದ ಕಾರಣಕ್ಕೇ ಅವರೆಲ್ಲ ಪುಟಗಟ್ಟಲೆ ಮನಸ್ಸಿನೊಳಗೆ ಮಾತಾಡಿಕೊಳ್ಳಬೇಕಾಗಿದೆ. ಇದು ಒಳ್ಳೆಯ ಅಭಿಪ್ರಾಯವೋ ಅಲ್ಲವೋ ಗೊತ್ತಿಲ್ಲ. ಆದರೆ ಯಾವ ಗೈಡಿನಲ್ಲೂ ಇದು ಇರಲಾರದು ಎಂದು ಖಾತರಿಯಾಯಿತು. ಆ ಸಂಜೆ ನನಗಾದ ಸಂತೋಷವನ್ನು ಎಂ.ಎ. ಮುಗಿಯುವವರೆಗೆ ಬೇರೆ ಯಾವುದೂ ಕೊಡಲಿಲ್ಲ.

ಅಂಕ ಹಾಕಿಕೊಳ್ಳುವ ದಿನ ಬಂತು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಊಟಕ್ಕೆ ಕುಳಿತವರು ಬಡಿಸಲು ಬಂದ ಕೂಡಲೇ ಹಾಕಿ ಎನ್ನುವುದಿಲ್ಲ. ಬೇಡ ಎನ್ನಬೇಕು. ಬಡಿಸುವವರು ಸ್ವಲ್ಪ ಎನ್ನಬೇಕು. ಅಯ್ಯೋ ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ಸಂದು ಇರಬೇಕು. ಮೂರನೆಯ ಬೇಡ ಆದ ಮೇಲೆ, ನೀವು ಇಷ್ಟು ಹೇಳ್ತೀರ ಅಂತ ಎಂದು ಕೈ ತೆಗೆಯಬೇಕು. ಇದನ್ನು ನನಗೆ ದೊಡ್ಡಮ್ಮ ಅಕ್ಷರಾಭ್ಯಾಸಕ್ಕಿಂತ ಮೊದಲು ಕಲಿಸಿದ್ದಳು. "ಕೊಟ್ಟ ತಕ್ಷಣ ತಗೊಳ್ಳೋದು ಹೊಟ್ಟೆಬಾಕರು" ಎನ್ನುತ್ತಿದ್ದಳು.

ಅಂದು ತರಗತಿಗೆ ಮುಂಚೆ ಅಂಕಲ್ ನನ್ನನ್ನು ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದರು.

"ಎಷ್ಟಮ್ಮ ಹಾಕ್ಕೋತಿದ್ದೀಯ?"

"ಹದಿನೇಳು ಅನ್ಕೊಂಡಿದೀನಿ ಅಂಕಲ್."

ಅಂಕಲ್ ನನ್ನನ್ನು ಕನಿಕರದಿಂದ ನೋಡಿದರು. "ಚೆನ್ನಾಗಿರಲ್ಲ. ನೋಡು, ಹದಿನೇಳು ಅಂದ್ರೆ ಓಹೋ ಅಂತ ಅಷ್ಟಕ್ಕೇ ಬಿಡ್ತಾರೆ. ಪಾಸಿಗಿಂತ ಒಂದು ಕಡಿಮೆ ಹಾಕು. ಅವರಿಗೇ ಒಂಥರಾ ಆಗುತ್ತೆ. ಛೆ ಛೆ ಇಷ್ಟು ಕಡಿಮೆನಾ ಅಂತ ಎತ್ತಲೇಬೇಕು."

"ಎತ್ತದೇ ಹೋದ್ರೆ?"

"ಅಷ್ಟೂ ಮರ್ಯಾದೆ ಗೊತ್ತಿಲ್ಲದೋರಾ ಅವರು?"

ಮೇಷ್ಟರು ಹಾಳೆ ಹಂಚಿದರು. ನಾನು ತಲೆ ಎತ್ತಿ ನೋಡಿದಾಗ ಇಡೀ ತರಗತಿ ಬಲಗೈಯಲ್ಲಿ ಬರೆಯುತ್ತ ಎಡಗೈಯನ್ನು ಹಾಳೆಯ ಮೇಲೆ ಅಡ್ಡ ಹಿಡಿದಿತ್ತು. ಎಲ್ಲರ ಬೆರಳುಗಳ ನಡುವೆಯೂ ಸಂದು. ನನ್ನ ಮನಸ್ಸಿನಲ್ಲಿ ಹದಿನೇಳಿತ್ತು. ಕೈ ಏಳು ಎಂದು ಬರೆಯಿತು. ಒಬ್ಬ ಹುಡುಗ ಸೊನ್ನೆ ಹಾಕಿಕೊಂಡು, ಅದು ಸಾಲದೆಂದು ಪಕ್ಕದಲ್ಲಿ ಕ್ಷಮೆಯನ್ನೂ ಕೇಳಿದ್ದನಂತೆ.

ಮೇಷ್ಟರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನಾವು ಆ ಛೆ ಛೆಗಾಗಿ ಕಾದೆವು.

"ಎಂತ ಹೇಳುವುದು ಅಂತ ನನಗೆ ಗೊತ್ತಾಗುವುದಿಲ್ಲ" ಎಂದರು. "ಇಷ್ಟು ಪ್ರಾಮಾಣಿಕ ಕ್ಲಾಸು ನಾನು ನೋಡಿಯೇ ಇಲ್ಲ."

"ಸಾರ್, ನೀವೇ ನೋಡಿ ಏನಾದ್ರೂ..." ಎಂದರು ಅಂಕಲ್.

"ಇಲ್ಲ ಇಲ್ಲ. ನಾನು ಮುಟ್ಟುವುದಿಲ್ಲ. ನಿಮ್ಮದು ನಿಮ್ಮದೇ."

ಹಾಳೆಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ನಮಗೆ ಕೈ ಮುಗಿದು ಹೋದರು. ಮರುದಿನ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಪರೀಕ್ಷೆಗೆ ಕೂರಬಹುದಾದವರ ಪಟ್ಟಿ ಬಂತು. ಅದರಲ್ಲಿ ಇದ್ದದ್ದು ಒಂದೇ ಹೆಸರು, ವಿಜಯಪುರದ ಗೆಳತಿಯದು. ಅವಳು ಹದಿನೆಂಟು ಹಾಕಿಕೊಂಡಿದ್ದಳು.

"ಬಡಿಸೋಕೆ ಬಂದೋರು ಸೌಟು ಸಮೇತ ಹೊರಟೇ ಹೋದ್ರಲ್ಲಮ್ಮ" ಎಂದರು ಅಂಕಲ್, ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು.

"ನೀವು ಹಸಿವಿಲ್ಲ ಅಂದ್ರಿ, ಅವ್ರು ನಂಬಿದ್ರು" ಎಂದಳು ಗೆಳತಿ. "ಇದ್ರಾಗ ಅವ್ರ ತಪ್ಪೇನೈತ್ರಿ ಅಂಕಲ್?"

"ನಿಮ್ಮ ಕಡೆ ಬಲವಂತ ಮಾಡಲ್ವೇನಮ್ಮ?"

"ಮಾಡ್ತೇವ್ರಿ, ಹೊಟ್ಟಿ ಒಡಿಯೂತನಕ ಮಾಡ್ತೇವಿ. ಆದ್ರ ರೊಟ್ಟಿಗೆ. ಮಾರ್ಕ್ಸಿಗಲ್ಲ."

ನಾನು ನಗಲಿಲ್ಲ. ನನಗೆ ಅಪ್ಪ ಫ್ಯಾನು ನೋಡುತ್ತ ಹೇಳಿದ ಒಂದೇ ಸಲ ಎಂಬುದು ಕೇಳಿಸುತ್ತಿತ್ತು. ಓದು ಬಾರದೆ ವರ್ಷ ನಿಂತಿದ್ದರೆ ಅಪ್ಪನಿಗೆ ಹೇಳಬಹುದಿತ್ತು. ಓದಿದ್ದೇನೆ, ಕಲಿತಿದ್ದೇನೆ, ಆದರೆ ಮರ್ಯಾದೆಗೆ ಫೇಲಾದೆ ಎಂದು ಯಾವ ಬಾಯಿಂದ ಹೇಳುವುದು?

ಎಲ್ಲರೂ ಸೇರಿ ಮೇಷ್ಟರ ಹತ್ತಿರ ಹೋದೆವು. ಅವರು ನಿಜವಾಗಿಯೂ ಗಾಬರಿಯಾದರು.

"ಏಳು ನೀವೇ ಬರ್ದದ್ದಲ್ವಾ?" ಎಂದು ನನ್ನನ್ನು ಕೇಳಿದರು.

"ಹೌದು ಸಾರ್."

"ಏಳಕ್ಕೆ ಯೋಗ್ಯತೆ ಅಂತ ಅನ್ನಿಸಿತ್ತಾ?"

"ಇಲ್ಲ ಸಾರ್, ಜಾಸ್ತಿ ಅನ್ಸಿತ್ತು."

"ಹಾಗಾದ್ರೆ ಏಳು ಯಾಕೆ ಬರ್ದದ್ದು ಮಾರಾಯ್ರೆ?"

ಇಷ್ಟು ಸರಳವಾದ ಪ್ರಶ್ನೆಗೆ ಒಂದು ತರಗತಿಯ ಇಂಗ್ಲಿಷ್ ವಿದ್ಯಾರ್ಥಿಗಳಲ್ಲಿ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ. ಕೊನೆಗೆ ಅವರು ನಿಯಮ ಓದಿದರು. ಸೋಮವಾರ ಸಂಜೆಯವರೆಗೆ ಅವರವರ ಅಂಕವನ್ನು ಅವರವರೇ ಬದಲಾಯಿಸಬಹುದು. ಏನು ಕಲಿತೆ, ನನಗೆ ಎಷ್ಟು ಸಲ್ಲಬೇಕು ಎಂದು ತಮ್ಮ ಕೈಯಾರೆ ಬರೆದು ಕೊಡಬೇಕು. ಮೇಷ್ಟರು ಬದಲಾಯಿಸುವಂತಿಲ್ಲ, ಸೂಚಿಸುವಂತೆಯೂ ಇಲ್ಲ.

"ಬಾಯಿ ಬಿಟ್ಟು ಕೇಳ್ಬೇಕು. ಅಷ್ಟೇ ಇರುವುದು."

ಅಂಕಲ್ ಅಲ್ಲೇ ಕುಳಿತು, ಎಲ್ಲವನ್ನೂ ಮೇಷ್ಟರ ದೊಡ್ಡ ಮನಸ್ಸಿಗೆ ಬಿಟ್ಟಿದ್ದೇನೆ ಎಂಬ ಅರ್ಥ ಬರುವಂತೆ ಸುಂದರವಾದ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದರು. ಮೇಷ್ಟರು ಓದಿ ವಾಪಸ್ ಕೊಟ್ಟರು. "ನನ್ನ ಮನಸ್ಸಿಗೆ ಬಿಡ್ಲಿಕ್ಕಿಲ್ಲ." ನಾನು ಮನೆಗೆ ಹೋಗಿ ಬರೆಯಲು ಕುಳಿತೆ. ನಾನು ಕಲಿತಿದ್ದೇನೆ ಎಂದು ಬರೆದೆ. ಕಲಿತಿದ್ದೇನಾ ಎಂದು ಯೋಚಿಸಿದೆ. ಬಹುಶಃ ಎಂದು ಸೇರಿಸಿದೆ. ಬಹುಶಃ ಇರುವ ಅರ್ಜಿಗೆ ಹದಿನೇಳು ಕೇಳಲು ನಾಚಿಕೆಯಾಗಿ ಹರಿದುಹಾಕಿದೆ.

ಆ ರಾತ್ರಿಯೋ ಮರುದಿನವೋ ದೊಡ್ಡಮ್ಮನಿಗೆ ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಏಳು ಹಾಕ್ಕೊಂಡ್ಯಾ? ಸರಿಯಾಗೇ ಮಾಡಿದೀಯ. ಆ ಹುಡುಗನಿಗೆ ಗೊತ್ತಾಗಿಲ್ಲ ಅಷ್ಟೆ. ಎಲ್ಲಿರೋದು?"

"ನಿಮ್ಮ ಮನೆ ಹತ್ರಾನೇ. ಬೆಟ್ಟದ ದೇವಸ್ಥಾನದ ಹಿಂದೆ ರೂಮಂತೆ."

"ಊಟ?"

"ಹೋಟ್ಲಂತೆ ದೊಡ್ಡಮ್ಮ."

"ಅದಕ್ಕೇ" ಎಂದಳು, ಇಡೀ ಸಮಸ್ಯೆಯ ಮೂಲ ಸಿಕ್ಕವಳಂತೆ. "ಭಾನುವಾರ ಊಟಕ್ಕೆ ಕರಿ."

ಮೇಷ್ಟರು ಒಂದು ಷರತ್ತಿನ ಮೇಲೆ ಒಪ್ಪಿದರು: ಅಂಕದ ವಿಷಯ ಯಾರೂ ಎತ್ತಬಾರದು. ದೊಡ್ಡಮ್ಮ ಎತ್ತಲಿಲ್ಲ. ಅವಳಿಗೆ ಎತ್ತುವ ಅಗತ್ಯವೂ ಇರಲಿಲ್ಲ. ಬಾಳೆ ಎಲೆ ಹಾಕಿ ಅವರನ್ನೂ ಅಮ್ಮನನ್ನೂ ನನ್ನನ್ನೂ ಕೂರಿಸಿದಳು. ಹೋಳಿಗೆ ಬಂತು, ಬೇಳೆಯದೋ ಕಾಯಿಯದೋ. ಅವರು ಒಂದು ತಿಂದು ಚೆನ್ನಾಗಿದೆ ಎಂದರು.

"ಇನ್ನೊಂದು" ಎಂದಳು ದೊಡ್ಡಮ್ಮ.

"ಬೇಡ."

ಇನ್ನೊಂದು ಬಿತ್ತು. ಅವರು ಎಲೆ ನೋಡಿದರು, ದೊಡ್ಡಮ್ಮನನ್ನು ನೋಡಿದರು. "ನಾನು ಬೇಡ ಹೇಳಿದ್ದು."

"ಕೇಳಿಸ್ತಪ್ಪ" ಎಂದು ಅವಳು ಅದರ ಮೇಲೆ ತುಪ್ಪ ಹಾಕಿದಳು.

ಪಾಪ, ಅದನ್ನು ಮುಗಿಸಿದರು. ಅವಳು ಮತ್ತೆ ಬಂದಾಗ ಎರಡೂ ಕೈಗಳನ್ನು ಎಲೆಯ ಮೇಲೆ ಸಂದೇ ಇಲ್ಲದಂತೆ ಮುಚ್ಚಿ ಹಿಡಿದರು. ದೊಡ್ಡಮ್ಮ ಒಂದು ಕ್ಷಣವೂ ತಡೆಯದೆ ಹೋಳಿಗೆಯನ್ನು ಅವರ ಕೈಗಳ ಮೇಲೇ ಹಾಸಿದಳು. ಬಿಸಿಯಾಗಿತ್ತೆಂದು ಕಾಣುತ್ತದೆ. ಆದರೂ ಅವರು ಕೈ ತೆಗೆಯಲಿಲ್ಲ. ಅದನ್ನು ಹೊತ್ತುಕೊಂಡೇ ಬಹಳ ಗೌರವದಿಂದ ಕೇಳಿದರು:

"ನಿಮ್ಮಲ್ಲಿ ನಿಜವಾಗಿ ಬೇಡಾಂತ ಇದ್ರೆ ಎಂತ ಹೇಳುವುದು?"

ಅಮ್ಮ ಯೋಚಿಸಿದಳು. "ಹೇಳೋದು ಅಂತ ಏನಿಲ್ಲ. ಎದ್ದು ಹೋಗಿ ಕೈ ತೊಳ್ಕೋಬೇಕು."

ಮೇಷ್ಟರು ಕೈ ಮೇಲಿನ ಹೋಳಿಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಓ" ಎಂದರು. ಷರತ್ತು ಹಾಕಿದವರು ಅವರೇ ಆದ್ದರಿಂದ ಮುಂದೇನೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ನನ್ನ ಎಲೆಯ ಮುಂದೆ ಬಂದಿದ್ದಳು. "ನಿನಗೆ?"

ಬೇಡ ದೊಡ್ಡಮ್ಮ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದು ನಾನು ಹೇಳಬೇಕಾಗಿಯೇ ಇಲ್ಲ, ತಾನೇ ಬರುತ್ತದೆ. ಆದರೆ ನನಗೆ ಹಸಿವಾಗಿತ್ತು. ಆ ವಾರವೆಲ್ಲ ಸರಿಯಾಗಿ ತಿಂದಿರಲಿಲ್ಲ. ಎದುರಿಗೆ ಒಬ್ಬ ಮನುಷ್ಯ, ತಾನು ಹೇಳಿದ್ದನ್ನು ಯಾರೂ ನಂಬದ ಮನೆಯಲ್ಲಿ, ಕೈ ಸುಟ್ಟುಕೊಂಡು ಕುಳಿತಿದ್ದ.

"ಹೂಂ, ಹಾಕು" ಎಂದೆ. "ಎರಡು."

ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು. "ಎರಡಾ?"

"ಎರಡು."

ಅವಳು ಎರಡು ಹಾಕಿದಳು. ತುಪ್ಪ ಹಾಕಲಿಲ್ಲ. ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಅಮ್ಮ ನನ್ನ ತೊಡೆ ಚಿವುಟಿ, "ಏನಾಗಿದೆ ನಿನಗೆ? ಒಂದು ಸಲ ಬೇಡ ಅಂದಿದ್ರೆ ಗಂಟು ಹೋಗ್ತಿತ್ತಾ?" ಎಂದಳು. ನಾನು ಎರಡನ್ನೂ ತಿಂದೆ. ಅಷ್ಟು ರುಚಿಯಾದ ಹೋಳಿಗೆಯನ್ನು ಅಷ್ಟು ಕಷ್ಟಪಟ್ಟು ಎಂದೂ ತಿಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಬರೆದು ಕೊಟ್ಟೆ. ಇಂಥ ಕಾದಂಬರಿ ಓದಿದೆ, ಅದರಲ್ಲಿ ಯಾರೂ ಯಾರನ್ನೂ ಊಟ ಆಯ್ತಾ ಎಂದು ಕೇಳುವುದಿಲ್ಲ, ಇದು ನಾನೇ ಕಂಡದ್ದು, ನನಗೆ ಹದಿನೇಳು ಸಲ್ಲಬೇಕು. ಬಹುಶಃ ಎಂಬುದು ಎಲ್ಲೂ ಇರಲಿಲ್ಲ. ಮೇಷ್ಟರು ನಿಂತುಕೊಂಡೇ ಓದಿ, ಸಹಿ ಮಾಡಿ, "ಸರಿ" ಎಂದರು. ಅವರ ಕೈಯ ಹಿಂಬದಿ ಇನ್ನೂ ಸ್ವಲ್ಪ ಕೆಂಪಾಗಿತ್ತು, ಅಥವಾ ನಾನು ಹಾಗೆ ಕಲ್ಪಿಸಿಕೊಂಡಿರಬಹುದು.

ಉಳಿದವರು ಮಧ್ಯಾಹ್ನವಾದರೂ ಪೆನ್ನು ಹಿಡಿದು ಕುಳಿತೇ ಇದ್ದರು. ಅಂಕಲ್‌ರ ದೂರು ಓದಿ ನಿಜವಾಗಿಯೂ ಪಾಲಿಕೆಯ ಜನ ಬಂದು ಚರಂಡಿ ಬಳಿದು ಹೋಗಿದ್ದರು. ಆದರೂ ಅವರು ಎಂಟಕ್ಕಿಂತ ಮೇಲೆ ಬರೆಯಲಾರದೆ, ಎಂಟನ್ನೂ ಬರೆಯಲಾರದೆ ಬೆವರುತ್ತಿದ್ದರು. ಗೆಳತಿಗೆ ತಡೆಯಲಾಗಲಿಲ್ಲ.

"ನಿಮ್ದು ನಿಮ್ಗ ಕೇಳಾಕ ಬರಂಗಿಲ್ಲ. ಬಾಜೂದವ್ರಿಗೆ ಬಲವಂತ ಮಾಡಾಕರೆ ಬರ್ತೈತಿಲ್ಲೋ? ಎದುರಾಬದುರಾ ಕೂಡ್ರಿ. ಒಬ್ರಿಗೊಬ್ರು ಬಡಿಸ್ರಿ."

ಬೆಂಚುಗಳನ್ನು ಎಳೆದು ಎರಡು ಸಾಲು ಮಾಡಿದರು. ಆಮೇಲೆ ನಡೆದದ್ದು ಮದುವೆಮನೆಯ ಪಂಕ್ತಿ.

"ಅಂಕಲ್, ಹದಿನೆಂಟು ಹಾಕ್ಕೊಳ್ಳಲೇಬೇಕು" ಎಂದ ಅವರ ಎದುರಿಗಿದ್ದ ಹುಡುಗ.

"ಅಯ್ಯೋ ಬೇಡಪ್ಪ, ಹತ್ತು ಸಾಕು."

"ಚರಂಡಿ ಕ್ಲೀನ್ ಮಾಡಿಸಿದೀರ, ಹತ್ತು ಅಂದ್ರೆ ನಮಗೆ ಬೇಜಾರಾಗುತ್ತೆ. ಹತ್ತೊಂಬತ್ತು."

"ಹದಿನೆಂಟು ಅಂದ್ಯಲ್ಲೋ ಈಗ?"

"ನೀವು ಬೇಡ ಅಂದ್ರಲ್ಲ, ಅದಕ್ಕೆ ಒಂದು ಜಾಸ್ತಿ."

"ಸರಿ ಬಿಡು, ಇಷ್ಟು ಹೇಳ್ತಿದ್ದೀಯ ಅಂತ" ಎಂದು ಅಂಕಲ್ ಹತ್ತೊಂಬತ್ತು ಬರೆದು ತಾವೇ ಸಹಿ ಹಾಕಿದರು. ಸೊನ್ನೆ ಹಾಕಿಕೊಂಡಿದ್ದ ಹುಡುಗ ಬೇಡ ಎಂದಷ್ಟೂ ಏರುತ್ತ ಹೋಗಿ ಇಪ್ಪತ್ತಕ್ಕೆ ಮುಟ್ಟಿದ. ಮೇಷ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದು ರೂಲಿನಲ್ಲಿ ಇಲ್ಲ" ಎಂದರು. ಬಾಗಿಲಿಂದ ತಿರುಗಿ, "ಮಾಡ್ಬಾರ್ದು ಅಂತಲೂ ಇಲ್ಲ" ಎಂದು ಹೊರಟುಹೋದರು.

"ನೀನೂ ಬಾಮ್ಮ" ಎಂದು ಅಂಕಲ್ ನನ್ನನ್ನು ಕರೆದರು. "ಹದಿನೇಳಕ್ಕೇ ನಿಲ್ಲಿಸಿದ್ಯಂತೆ. ಇನ್ನೆರಡು ಹಾಕಿಸ್ಕೋ."

"ಬೇಡ ಅಂಕಲ್."

"ಒಂದಾದ್ರೂ."

"ನಿಜವಾಗ್ಲೂ ಬೇಡ."

"ಎಲ್ರೂ ಹಾಗೇ ಅನ್ನೋದು."

ಬೇರೆ ದಾರಿ ಕಾಣದೆ ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಆಮೇಲೆ ಯಾರೂ ಬಲವಂತ ಮಾಡಲಿಲ್ಲ.

ಹೀಗೆ ಎಲ್ಲರೂ ಪರೀಕ್ಷೆಗೆ ಕುಳಿತೆವು, ಎಲ್ಲರೂ ಪಾಸಾದೆವು. ಸ್ವಯಂ ಕಲಿಕೆಯಲ್ಲಿ ಇಡೀ ತರಗತಿಗೆ ಅತಿ ಕಡಿಮೆ ಅಂಕ ನನ್ನದು. "ಕೇಳಿ ತಗೊಂಡವ್ರಿಗೆ ಯಾವಾಗ್ಲೂ ಕಡಿಮೀನ ಬರೂದು ನೋಡು" ಎಂದಳು ಗೆಳತಿ. ನನಗಿಂತ ಒಂದೇ ಅಂಕ ಹೆಚ್ಚು, ಅವಳದು ಕೆಳಗಿನಿಂದ ಎರಡನೆಯದು. ಬೇರೆ ವಿಭಾಗದವರು ಬಂದು ನಿಮ್ಮ ಮಕ್ಕಳಲ್ಲಿ ಇಷ್ಟು ಆತ್ಮವಿಶ್ವಾಸ ಹೇಗೆ ಬಂತು ಎಂದು ಮೇಷ್ಟರನ್ನು ಕೇಳಿದರಂತೆ. ಅವರು ಏನು ಹೇಳಿದರೋ ತಿಳಿಯದು. ಅಪ್ಪ ಅಂಕಪಟ್ಟಿ ನೋಡಿ, "ಪರವಾಗಿಲ್ಲ, ಮುಂದಕ್ಕೆ ಓದು" ಎಂದರು.

ದೊಡ್ಡಮ್ಮ ಮಾತ್ರ ಆ ಭಾನುವಾರದಿಂದ ಬದಲಾದಳು. ಮುನಿಸಲ್ಲ. ಅಮ್ಮನಿಗೆ ಮೊದಲಿನಂತೆಯೇ ಮೂರು ಸಲ ಬಲವಂತ. ನನ್ನ ಹತ್ತಿರ ಬಂದಾಗ "ಎಷ್ಟು?" ಎನ್ನುತ್ತಾಳೆ, ಹೋಟೆಲಿನವರ ಹಾಗೆ. ಹೇಳಿದಷ್ಟು ಹಾಕಿ ಮುಂದೆ ಹೋಗುತ್ತಾಳೆ. ನಾನು ಕೇಳಿದ್ದು ನನಗೆ ಸಿಕ್ಕಿತು; ಅವಳಿಗೆ ಬಡಿಸಲು ಏನೂ ಉಳಿಯಲಿಲ್ಲ.

ಫಲಿತಾಂಶ ಬಂದ ಮೇಲೆ ಅಮ್ಮನೂ ನಾನೂ ಸ್ವೀಟು ತೆಗೆದುಕೊಂಡು ಅವಳ ಮನೆಗೆ ಹೊರಟೆವು. ದಾರಿಯಲ್ಲಿ ಆಟೋದಲ್ಲಿ ಅಮ್ಮ ಹಳೆಯ ಕಥೆ ತೆಗೆದಳು. "ಇಂಗ್ಲಿಷು ಅಂದ್ರೆ ಅವಳೇ. ಏನ್ ಮಾಡೋದು, ಇಷ್ಟ ಇರ್ಲಿಲ್ಲ. ಅವಳೇ ಬೇಡ ಅಂದ್ಲು."

"ಎಷ್ಟು ಸಲ ಅಂದ್ಲು?" ಎಂದು ಕೇಳಿದೆ.

"ಎಷ್ಟು ಸಲ ಅಂದ್ರೆ? ಒಂದು ಸಲ. ನಿಮ್ಮ ತಾತ ಎರಡನೇ ಸಲ ಕೇಳೋ ಪೈಕಿ ಅಲ್ಲ" ಎಂದಳು ಅಮ್ಮ, ಹೊರಗೆ ನೋಡುತ್ತ.

ಅಮ್ಮ ನಡುಮನೆಯಲ್ಲಿ ಕುಳಿತಳು. ನಾನು ಅಡುಗೆಮನೆಗೆ ಹೋದೆ. ದೊಡ್ಡಮ್ಮ ಡಿಕಾಕ್ಷನ್ ಇಳಿಯುವುದನ್ನೇ ನೋಡುತ್ತ ನಿಂತಿದ್ದಳು. ಅವಳ ಬೆನ್ನಿಗೆ ಕೇಳಿದೆ. ಅವಳು ಫಿಲ್ಟರನ್ನು ಬೆರಳಿನಿಂದ ಎರಡು ಸಲ ತಟ್ಟಿ, ಹಾಲಿನ ಉರಿ ಸಣ್ಣ ಮಾಡಿ, "ಕಾಫಿಗೆ ಸಕ್ಕರೆ ಎಷ್ಟು?" ಎಂದಳು. ಒಂದು ಚಮಚ ಎಂದೆ. ಒಂದೇ ಚಮಚ ಹಾಕಿಕೊಟ್ಟಳು. ಅದಾಗಿ ಎಷ್ಟೋ ಸಲ ಆ ಮನೆಗೆ ಹೋಗಿಬಂದಿದ್ದೇನೆ, ಉತ್ತರ ಬಂದಿಲ್ಲ. ಎರಡನೇ ಸಲ ಕೇಳಲು ನನಗೂ ಆಗಿಲ್ಲ. ಆ ದಿನದ ಪುಟದಲ್ಲಿ ಈ ಸಲ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಟ್ಟಿದ್ದೇನೆ:

"ದೊಡ್ಡಮ್ಮ, ಕಾಲೇಜಿಗೆ ಸೇರಿಸ್ತೀನಿ ಅಂತ ತಾತ ಅಂದಾಗ ನೀನು ಬೇಡ ಅಂದ್ಯಂತಲ್ಲ, ಅದು ಯಾವ ಬೇಡ?"